ವಡೆ ಒಯ್ದ ಹಕ್ಕಿ

ಇವತ್ತು ಅಪ್ಪನ ತಿಥಿ. ಅಮೆರಿಕದ ಸುವಾನಿಯ ನಮ್ಮ ಮನೆಯ ಡೆಕ್ ಮೇಲೆ ಕಾಗೆಗೆಂದು ಎಡೆ ಇಟ್ಟು ನಿಂತಾಗ, ವಡೆಯ ವಾಸನೆಗೆ ಆಸ್ಟ್ರೇಲಿಯಾದ ಹಿತ್ತಲು ನೆನಪಾಯಿತು.

ಅಪ್ಪನ ಕೆಲಸಕ್ಕಾಗಿ ನಾವು ಅಲ್ಲಿದ್ದ ದಿನಗಳವು. ಅವತ್ತು ತಾತನ ತಿಥಿ. ಕಾಗೆ ಮುಟ್ಟದೆ ಯಾರೂ ಉಣ್ಣುವಂತಿರಲಿಲ್ಲ. ಅಪ್ಪ ಒದ್ದೆ ಪಂಚೆಯಲ್ಲೇ ನಿಂತು "ಕಾ ಕಾ" ಎಂದು ಕೂಗಿಯೇ ಕೂಗಿದರು. ನನ್ನ ಹೊಟ್ಟೆ ಚುರುಗುಟ್ಟುತ್ತಿತ್ತು. ಕೊನೆಗೆ ಬಂದದ್ದು ಕೂಕಬರಾ, ನಮ್ಮ ಮಿಂಚುಳ್ಳಿಯ ಜಾತಿಯ ದಪ್ಪ ತಲೆಯ ಹಕ್ಕಿ. ಅದು ವಡೆ ಕಚ್ಚಿಕೊಂಡು ಹೋಗಿ, ಹಾವನ್ನು ಬಡಿಯುವಂತೆ ಕೊಂಬೆಗೆ ಬಡಿದು ನುಂಗಿತು. ಆಮೇಲೆ ಗಹಗಹಿಸಿ ನಕ್ಕಿತು.

"ಇದು ಕಾಗೆ ಅಲ್ವಲ್ಲೇ," ಎಂದರು ಅಪ್ಪ, ಮುಖ ಸಣ್ಣದು ಮಾಡಿಕೊಂಡು.

"ಆ ನಗು ಕೇಳಿದ್ರಾ? ನಿಮ್ಮಪ್ಪನೇ. ಬನ್ನಿ ಊಟಕ್ಕೆ," ಎಂದಳು ಅಮ್ಮ. ತಾತ ನಕ್ಕರೆ ಇಡೀ ಬೀದಿಗೆ ಕೇಳುತ್ತಿತ್ತಂತೆ.

ಇವತ್ತೂ ಕಾಗೆ ಬರಲಿಲ್ಲ. ನೀಲಿ ಹಕ್ಕಿಯೊಂದು, ಇಲ್ಲಿಯವರ ಬ್ಲೂ ಜೇ, ನನ್ನನ್ನೇ ನೋಡಿ ಕಿರುಚಾಡಿ ವಡೆ ಎತ್ತಿಕೊಂಡು ಹೋಯಿತು. ಒಳಗಿದ್ದ ಅಮ್ಮನಿಗೆ ಹೇಳಿದೆ.

"ಕೂಗಾಡ್ತಾ?" ಎಂದು ಕೇಳಿದಳು.

"ಹೂಂ, ಒಂದೇ ಸಮ."

"ಹಾಗಾದ್ರೆ ಅವರೇ. ಎಲೆ ಹಾಕು."