ಜ್ವರಕ್ಕೆ ಕೂತ ಹುಳ

ನೆರೆ ಬಂದ, ಮನೆ ಬಿದ್ದ ಊರಲ್ಲಿ ಇಂಜಿನಿಯರ್ ಏನು ಮಾಡಬೇಕು? ಚಿಕ್ಕಬಳ್ಳಾಪುರದ ನಮ್ಮ ಕಾಲೇಜಿನಲ್ಲಿ ಶೋಭಾರಾಣಿ ಮೇಡಂ ಕಲಿಸುವುದು ಅದನ್ನೇ. ಮಕ್ಕಳ ಕೈಲಿ ಬಿದಿರು ಕಟ್ಟಿಸುತ್ತಾರೆ, ಟಾರ್ಪಾಲು ಹೊದಿಸುತ್ತಾರೆ, ಸ್ಟ್ರೆಚರ್ ಹೊರಿಸಿ ಮೆಟ್ಟಿಲು ಹತ್ತಿಸಿ ಇಳಿಸುತ್ತಾರೆ. ನಾನು ಗಣಿತದ ಮೇಷ್ಟ್ರು, ಕೆಣಕುವುದು ನನ್ನ ಚಾಳಿ. "ಇದೇನ್ ಮೇಡಂ, ಪೆಂಡಾಲ್ ಹಾಕೋ ಕೋರ್ಸಾ?" ಎಂದರೆ, "ಮಳೆ ಬರ್ಲಿ ಸಾರ್, ಸೀಮೆಸುಣ್ಣ ಹಿಡ್ಕೊಂಡು ನೀವೂ ಬನ್ನಿ" ಎನ್ನುತ್ತಾರೆ.

ಹೋದ ವರ್ಷ ಮಳೆ ಬಂತು. ಶಿಡ್ಲಘಟ್ಟ ತಾಲೂಕಿನ ದಿಬ್ಬೂರಹಳ್ಳಿ ಕಡೆಯ ಒಂದು ಊರಿನಲ್ಲಿ ಕೆರೆ ಕೋಡಿ ಹರಿದು ಬೀದಿಗೆಲ್ಲ ನೀರು ನುಗ್ಗಿತು. ಮೇಡಂ ಮತ್ತು ಅವರ ವಿದ್ಯಾರ್ಥಿಗಳ ಜೊತೆ ನಾನೂ ವ್ಯಾನ್ ಹತ್ತಿದೆ.

ಊರವರೆಲ್ಲ ಶಾಲೆಗೆ ಬಂದರೂ ಅಕ್ಕಯ್ಯಮ್ಮ ಎಂಬ ಅಜ್ಜಿ ಮಾತ್ರ ಮನೆ ಬಿಡಲಿಲ್ಲ. ಮಣ್ಣಿನ ಗೋಡೆ ನೆನೆದು ಉಬ್ಬಿತ್ತು. ಒಳಗೆ ಹೋದ ವಿದ್ಯಾರ್ಥಿನಿ ಹರಿತಾ ಗಾಬರಿಯಿಂದ ಓಡಿ ಬಂದಳು. ಅವಳದು ತೊಂಡೇಬಾವಿ, ಈ ಕಡೆಯ ಮಾತು ಅಷ್ಟಾಗಿ ಗೊತ್ತಿಲ್ಲ.

"ಮೇಡಂ, ಒಳಗೆ ಎಲ್ರಿಗೂ ಜ್ವರ ಅಂತೆ! ನಾಲ್ಕನೇ ಜ್ವರ, ಕದಲಿಸಂಗಿಲ್ಲ ಅಂತಾರೆ. ಆಂಬುಲೆನ್ಸ್‌ಗೆ ಫೋನ್ ಮಾಡಿದೀನಿ."

ಮೇಡಂ ನಕ್ಕುಬಿಟ್ಟರು. ರೇಷ್ಮೆ ಹುಳ ಗೂಡು ಕಟ್ಟುವ ಮೊದಲು ನಾಲ್ಕು ಸಲ ಮೇವು ಬಿಟ್ಟು, ಪೊರೆ ಕಳಚಲು ಅಲುಗದೆ ಕೂರುವುದಕ್ಕೆ ಶಿಡ್ಲಘಟ್ಟದ ಕಡೆ ಜ್ವರ ಎನ್ನುತ್ತಾರೆ. ಅಲ್ಲೇ ಹುಟ್ಟಿದ ಮೇಡಂ ಓದಿದ್ದೂ ಹುಳದ ತಟ್ಟೆಗಳ ಮಧ್ಯೆಯೇ. ಆದರೆ ಒಳಗೆ ಹೋದ ಮೇಲೆ ನಗು ನಿಂತಿತು.

"ಗೋಡೆ ಬೀಳ್ತದೆ, ಏಳಜ್ಜಿ."

"ಬಿದ್ರೆ ಬೀಳ್ಲಿ ಬಿಡಮ್ಮ. ಇವನ್ನ ಈಗ ಕದಲಿಸಿದ್ರೆ ಬೆಳೆಯೆಲ್ಲಾ ಹೋಯ್ತದೆ. ಬಿಟ್ಟು ನಾನೆಲ್ ಬರ್ಲಿ?"

ಬೇರೆಯವರಾಗಿದ್ದರೆ ಅಜ್ಜಿಯನ್ನು ಎತ್ತಿಕೊಂಡು ಬಂದು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಮೇಡಂ ಗೋಡೆಗೆ ಬಿದಿರಿನ ಆಸರೆ ಕೊಡಿಸಿ, ಹುಳದ ತಟ್ಟೆಗಳ ಮೇಲೆ ಟಾರ್ಪಾಲು ಹಿಡಿಸಿ, ಒಂದೊಂದಾಗಿ ಶಾಲೆಗೆ ಹೊರಿಸಿದರು. "ಸ್ಟ್ರೆಚರ್ ಅಂದ್ಕೊಳ್ರಪ್ಪ. ಮಲಗಿರೋರಿಗೆ ಎಚ್ಚರ ಆಗ್ಬಾರ್ದು." ನಾನೂ ಒಂದು ತುದಿ ಹಿಡಿದೆ, ತಟ್ಟೆ ವಾಲಿಸಿ ಬೈಸಿಕೊಂಡೆ. ಕೊನೆಯ ತಟ್ಟೆಯ ಹಿಂದೆ ಅಕ್ಕಯ್ಯಮ್ಮ ಬಂದರು. ಆಂಬುಲೆನ್ಸೂ ಬಂತು. ಅದರ ಡ್ರೈವರಿಗೆ ಸಮಾಧಾನ ಹೇಳುವಷ್ಟರಲ್ಲಿ ಹರಿತಾಗೆ ಸಾಕುಸಾಕಾಯಿತು.

ಸಂಜೆ ಗೋಡೆ ಕುಸಿಯಿತು. ಹೇಳಿದರೆ ಅಜ್ಜಿ ಕಿವಿಗೇ ಹಾಕಿಕೊಳ್ಳಲಿಲ್ಲ. ಹುಳ ಉಳಿದಾವೋ ಇಲ್ಲವೋ ಎಂಬುದೊಂದೇ ಚಿಂತೆ. ಮೇಡಂ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಹಿಪ್ಪುನೇರಳೆ ಸೊಪ್ಪಿನ ನೀರು ಒರೆಸುತ್ತಿದ್ದರು. ಇಂಥವರ ಜೊತೆ ಕೆಲಸ ಮಾಡುತ್ತೇನೆಂದು ನನಗೆ ಹೆಮ್ಮೆಯಾಯಿತು.

ಮಾರನೆಯ ದಿನ ಹುಳಗಳು ತಲೆಯೆತ್ತಿದವು. ಸೊಪ್ಪು ಹಾಕಿದ್ದೇ ತಡ, ಶಾಲೆಯ ಕೊಠಡಿಯಲ್ಲೆಲ್ಲ ಚರಚರ ಮೇಯುವ ಸದ್ದು. ಅಕ್ಕಯ್ಯಮ್ಮ ಕಣ್ಣೊರೆಸಿಕೊಂಡು ಮೇಡಂ ಕೈ ಹಿಡಿದುಕೊಂಡರು.

"ಎದ್ವು ಕಣಮ್ಮ. ಇನ್ನ ನಮ್ಮನೆ ಯಾವ್ ಕಡೆ ಬಿತ್ತೋ ನೋಡಣ, ನಡಿ."