ಸ್ವಾತಿ ಕಳೆದ ಮೇಲೆ ಮದ್ರಾಸಿಗೆ

ಹೆಮ್ಮಿಗೆಯ ಪುಟ್ಟಬಸವಯ್ಯ ನೀರುಗಂಟಿ. ನಾಲೆಯ ನೀರನ್ನು ಯಾರ ಗದ್ದೆಗೆ ಯಾವಾಗ ಬಿಡಬೇಕು, ಯಾವಾಗ ಕಟ್ಟಬೇಕು ಎಂಬುದು ಅವನ ಕೆಲಸ. ಮಳೆಯ ವಿಷಯದಲ್ಲಂತೂ ಅವನು ಹೇಳಿದ್ದೇ ಮಾತು. ರೇಡಿಯೋದವರು ಏನಾದರೂ ಒದರಿಕೊಳ್ಳಲಿ, ಬಿತ್ತನೆಗೆ ಮುಂಚೆ ಊರಿನವರು ಬಂದು ಕೇಳುತ್ತಿದ್ದುದು ಅವನನ್ನೇ. ಅದರಿಂದ ಅವನಿಗೆ ಸ್ವಲ್ಪ ಕೊಬ್ಬೂ ಬಂದಿತ್ತು ಅನ್ನಿ.

ಇಂಥವನನ್ನು ತೊಂಬತ್ತೇಳರ ಮಳೆಗಾಲದಲ್ಲಿ ಹೆಂಡತಿಯ ಕಣ್ಣು ಅಲ್ಲಾಡಿಸಿಬಿಟ್ಟಿತು. ಸಾಕಮ್ಮನಿಗೆ ಅಕ್ಕಿಯಲ್ಲಿನ ಕಲ್ಲು ಕಾಣದಾಯಿತು, ಆಮೇಲೆ ಹೊಸಲು ಎಡವುವುದು ಶುರುವಾಯಿತು. ಮೈಸೂರಿನ ಕಣ್ಣಿನ ಡಾಕ್ಟರು ಅವನೊಬ್ಬನನ್ನೇ ಆಚೆಗೆ ಕರೆದು, "ನರ ಒಣಗ್ತಾ ಇದೆ. ಹೋದ ದೃಷ್ಟಿ ವಾಪಸ್ ಬರಲ್ಲ. ಡ್ರಾಪ್ಸ್ ಹಾಕಿ, ಇರೋದು ಎಷ್ಟು ದಿನ ಉಳಿಯುತ್ತೋ ನೋಡೋಣ" ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಸಾಕಮ್ಮ ಕೇಳಿದ್ದು ಒಂದೇ.

"ಡಾಕ್ಟ್ರು ಏನಂದ್ರೋ ನಂಗೇನೂ ಏಳ್ಬೇಡಿ. ಕಾಣೋಗಂಟ ಒಂದ್ಸಲ ಸಮುದ್ರ ತೋರ್ಸಿ, ಸಾಕು."

ಅವತ್ತಿನಿಂದ ಪುಟ್ಟಬಸವಯ್ಯನಿಗೆ ಅನ್ನ ಸೇರಲಿಲ್ಲ. ಮದ್ರಾಸಿನಲ್ಲಿ ಸಾಕಮ್ಮನ ತಮ್ಮ ಪ್ರೇಮ್‌ಕುಮಾರ ರೈಲ್ವೆಯಲ್ಲಿದ್ದ, ಇಳಿದುಕೊಳ್ಳಲು ಯೋಚನೆಯಿಲ್ಲ. ಆದರೆ ಹೋಗುವುದು ಯಾವಾಗ? ನಾಟಿ ಹೊತ್ತಿನಲ್ಲಿ ತೂಬು ಬಿಟ್ಟು ಹೋದರೆ ಗದ್ದೆಯಲ್ಲಿ ತಲೆಗಳು ಒಡೆಯುತ್ತವೆ. ಸುಗ್ಗಿ ಮುಗಿಯಲಿ ಎಂದರೆ ಸಂಕ್ರಾಂತಿಯೇ ಆಯಿತು. ಬೇಸಿಗೆ ಎಂದರೆ ಆ ಊರಿನ ಬಿಸಿಲಿಗೆ ಆ ಕಣ್ಣು ಬಿಡಲಾದೀತೇ? ಅಷ್ಟು ದಿನ ಕಣ್ಣು ಕಾಯಬೇಕಲ್ಲ ಮಹರಾಯಾ! ಬೆಳಿಗ್ಗೆ ಎದ್ದರೆ ಬೇಕೆಂದೇ ಚೊಂಬನ್ನು ಅತ್ತಿತ್ತ ಸರಿಸಿಟ್ಟು, ಅವಳ ಕೈ ನೇರ ಹೋಗುತ್ತದೋ ತಡವರಿಸುತ್ತದೋ ಎಂದು ಕದ್ದು ನೋಡುವನು. ತಡವರಿಸಿದ ದಿನ ಬೆರಳು ಮಡಚಿ ಮತ್ತೆ ತಿಂಗಳು ಎಣಿಸುವನು.

ಕೊನೆಗೆ ಮಳೆ ನಕ್ಷತ್ರಗಳನ್ನೆಲ್ಲ ಎಣಿಸಿ, ಸ್ವಾತಿ ಮಳೆ ಕಳೆದ ಕೂಡಲೇ, ನವೆಂಬರ್ ಮೊದಲಲ್ಲೇ ಎಂದು ಗೊತ್ತುಮಾಡಿದ. ಅಷ್ಟರಲ್ಲಿ ಭತ್ತ ಬಲಿತಿರುತ್ತದೆ, ಗದ್ದೆಗೆ ನೀರು ಬೇಡ, ಆಕಾಶವೂ ತೊಳೆದಿಟ್ಟ ಹಾಗಿರುತ್ತದೆ. ಬನ್ನೂರಿನ ಎಸ್‌ಟಿಡಿ ಬೂತಿನಿಂದ ಭಾವಮೈದುನನಿಗೆ ಫೋನು ಮಾಡಿದ.

"ಬ್ಯಾಡ ಭಾವ! ಇಲ್ಲಿ ಮಳೆ ಇಡ್ಯೋದೇ ಆವಾಗ. ಸಂಕ್ರಾಂತಿಗೆ ಬನ್ನಿ" ಎಂದ ಪ್ರೇಮ್‌ಕುಮಾರ.

"ಸ್ವಾತಿ ಓದ್ಮೇಲೆ ಅದ್ಯಾವ ಮಳೆಯಲಾ? ನಂಗೇ ಮಳೆ ಏಳ್ಕೊಡಕ್ಕೆ ಬತ್ತೀಯಾ?" ಎಂದು ಪುಟ್ಟಬಸವಯ್ಯ ಫೋನು ಕುಕ್ಕಿದ. ನಕ್ಷತ್ರ ಎಲ್ಲ ಊರಿಗೂ ಒಂದೇ, ಅಂದಮೇಲೆ ಮಳೆಯೂ ಒಂದೇ ಎಂದು ಅವನ ಲೆಕ್ಕ.

ಮದ್ರಾಸಿನಲ್ಲಿ ಇಳಿದಾಗ ಮುಗಿಲೇ ಹರಿದುಬಿದ್ದಂತೆ ಹೊಯ್ಯುತ್ತಿತ್ತು. ಪುಟ್ಟಬಸವಯ್ಯ ಭಾವಮೈದುನನ ಕ್ವಾರ್ಟರ್ಸಿನ ಬಾಗಿಲಲ್ಲಿ ಕೂತು, "ಮದ್ಯಾನಕ್ಕೆ ಬಿಡ್ತದೆ" ಎಂದ. ಆಮೇಲೆ "ನಾಳೀಕೆ ಬಿಡ್ತದೆ" ಎಂದ. ಬಿಡಲಿಲ್ಲ. ಪ್ರೇಮ್‌ಕುಮಾರ ಒಳ್ಳೆಯವನು, ಫೋನಿನ ಮಾತು ಎತ್ತಲೇ ಇಲ್ಲ. ಅದೇ ಭಾವನಿಗೆ ಇನ್ನಷ್ಟು ಚುಚ್ಚಿತು. ಊರಿಗೆ ಹೊರಡುವ ದಿನ ಬೆಳಿಗ್ಗೆ ಸಾಕಮ್ಮನೇ ಸೆರಗು ಸಿಕ್ಕಿಸಿ ನಿಂತಳು.

"ನೆಂದ್ರೆ ಕರಗೋಗಕ್ಕೆ ನಾನೇನ್ ಬೆಲ್ಲವಾ? ನಡೀರಿ."

ಅವಳ ಕೈ ಹಿಡಿದು ಮರಳಿನ ಮೇಲೆ ನಡೆಸಿಕೊಂಡು ಹೋದ. ಮಳೆ ಸಣ್ಣಗಾಗಿತ್ತು. ಅಲೆ ಬಂದು ಕಾಲಿಗೆ ಬಡಿದಾಗ ಸಾಕಮ್ಮ "ಅಯ್ಯೋ!" ಎಂದು ನಿಂತಳು. ಬಹಳ ಹೊತ್ತು ದಿಟ್ಟಿಸಿದಳು. ಆಮೇಲೆ ಅವನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ಎಲ್ಲಾ ಬೂದಿ ಬಳ್ದಂಗದೆ. ನೀರ್ಯಾವ್ದು, ಮೋಡ ಯಾವ್ದು, ಒಂದೂ ಗೊತ್ತಾಯ್ತಿಲ್ಲ. ದಿಟ ಏಳಿ, ಇದು ಮಳೆನಾ, ನನ್ ಕಣ್ಣಾ?"

ದೂರದಲ್ಲಿ ಕೆಂಪು ಪಟ್ಟೆಯ ದೋಣಿಯೊಂದು ಅಲೆ ಹತ್ತಿ ಇಳಿಯುತ್ತಿತ್ತು. ಅದರಲ್ಲಿ ನಿಂತವನ ತಲೆಗೆ ಸುತ್ತಿದ ಟವೆಲ್ಲು ಕೂಡ ಪುಟ್ಟಬಸವಯ್ಯನಿಗೆ ಕಾಣುತ್ತಿತ್ತು. 

"ಮಳೆ ಕಣಮ್ಮಿ, ಮಳೆ. ನಂಗೂ ಏನೂ ಕಾಣ್ತಿಲ್ಲ. ನಂದೇ ತಪ್ಪು, ಕಾಲ ತಿಳೀದೆ ಕರ್ಕಂಬಂದೆ."

ಸಾಕಮ್ಮ ಬಿಗಿಹಿಡಿದಿದ್ದ ಅವನ ಕೈಯನ್ನು ಸಡಿಲಿಸಿದಳು. "ಅಬ್ಬಾ, ಸದ್ಯ! ಕಣ್ಣೇ ಓಯ್ತು ಅನ್ಕಂಡೆ" ಎಂದು ನಕ್ಕೇ ನಕ್ಕಳು. "ಇರಿ, ಊರಿಗೋಗಿ ಎಲ್ಲರ್ಗೂ ಏಳ್ತೀನಿ, ನಮ್ಮನೆಯವ್ರು ಮಳೆ ಲೆಕ್ಕ ತಪ್ಪುದ್ರು ಅಂತ."

"ಏಳಮ್ಮಿ," ಎಂದ ಪುಟ್ಟಬಸವಯ್ಯ, "ಒಬ್ಬರನ್ನೂ ಬಿಡ್ದಂಗೆ ಏಳು."