ಕುಂಕುಮ ಹಚ್ಚದ ಸ್ವಿಚ್ಚು

ಅಮೆರಿಕದ ಎಲ್ಕ್ ಗ್ರೋವ್ ವಿಲೇಜ್ ಎಂಬ ಊರಿನ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದ ಚನ್ನವೀರಪ್ಪ ಪ್ರತಿ ಆಯುಧಪೂಜೆಗೂ ತಾನು ಮಾಡಿದ ಸಾಮಾನೊಂದನ್ನು ಮನೆಗೆ ತಂದು ಪೂಜೆಗಿಡುತ್ತಿದ್ದ. 2009ರಲ್ಲಿ ಕಾರಿನ ಬಿಡಿಭಾಗಗಳ ಆರ್ಡರ್ ನಿಂತುಹೋಗಿ, ಉಳಿದದ್ದು ನೆಲಬಾಂಬಿನ ಸ್ವಿಚ್ಚಿನ ಕೆಲಸವೊಂದೇ. ಆ ಸಲ ಪೂಜೆಗೆ ಅದರ ಪ್ಲಾಸ್ಟಿಕ್ ಮಾದರಿಯನ್ನೇ ತಂದ.

“ಏನ್ರೀ ಇದು?” ಹೆಂಡತಿ ಗಂಗವ್ವ ಕುಂಕುಮದ ಬಟ್ಟಲು ಹಿಡಿದು ಕೇಳಿದಳು.

“ನೆಲಬಾಂಬಿಂದು. ಕಾಲಿಟ್ಟರ ಸಿಡಿತೈತಿ.”

“ಅದನ್ನ ಎಷ್ಟೋ ದೇಶ ಬ್ಯಾನ್ ಮಾಡ್ಯಾವಂತಲ್ರೀ?”

“ಆ ಒಪ್ಪಂದಕ್ಕ ಅಮೆರಿಕ ಸೈನ್ ಮಾಡಿಲ್ಲ. ಕಾನೂನಿನಾಗ ತಪ್ಪಿಲ್ಲ.”

“ಹಂಗಾರ ಆ ಕಾನೂನೇ ಬಂದು ಕುಂಕುಮ ಹಚ್ಚಲಿ. ನಾ ಒಲ್ಲೆ.”

ಮನೆಗಿದ್ದದ್ದು ಅವನೊಬ್ಬನ ಸಂಬಳ, ಹೊರಗೆಲ್ಲ ಲೇಆಫ್. ಆದರೂ ಚನ್ನವೀರಪ್ಪ ಸ್ವಿಚ್ಚನ್ನು ಕಿಸೆಗಿಳಿಸಿ, ಅದರ ಜಾಗದಲ್ಲಿ ತನ್ನ ಹಳೆಯ ಸ್ಕ್ರೂಡ್ರೈವರ್ ಇಟ್ಟ. ಗಂಗವ್ವ ಅದಕ್ಕೆ ಕುಂಕುಮ ಹಚ್ಚಿದಳು.

ಸೋಮವಾರ ಸ್ವಿಚ್ಚನ್ನು ಬಾಸಿನ ಮೇಜಿನ ಮೇಲಿಟ್ಟು, ಬೇರೆ ಕೆಲಸ ಕೊಡಿ ಎಂದ. ಬೇರೆ ಕೆಲಸವಿರಲಿಲ್ಲ. ಇದ್ದ ಕೆಲಸ ಬಿಟ್ಟು, ಸ್ಕ್ರೂಡ್ರೈವರ್ ಇದ್ದ ಮನೆಗೆ ಬಂದ.